ಶುಲ್ಕ ಕಟ್ಟಿ ಪಡೆಯುವ ಪ್ರಶಸ್ತಿ ಬೇಡ, ಸಂಶೋಧನೆಗೆ ಅನುದಾನ ಕೇಳಿ

ಪ್ರಶ್ನೆ: ನಾನು ಜಮಖಂಡಿ ತಾಲ್ಲೂಕಿನ ಪದವಿ ಕಾಲೇಜೊಂದರಲ್ಲಿ ರಸಾಯನಶಾಸ್ತ್ರದ ಸಹಾಯಕ ಪ್ರಾಧ್ಯಾಪಕಿ. ನಮ್ಮ ಭಾಗದ ನೀರಾವರಿ ಜಮೀನುಗಳು ಸವಳಾಗುತ್ತಿರುವುದರ, ಅಂದರೆ ಲವಣ-ಕ್ಷಾರಗಳಿಂದ ಕೆಡುತ್ತಿರುವುದರ ಬಗ್ಗೆ ಪಿಎಚ್.ಡಿ. ಮಾಡಿದ್ದೇನೆ. ಇತ್ತೀಚೆಗೆ ‘ವರ್ಷದ ಅತ್ಯುತ್ತಮ ಸಂಶೋಧಕಿ’ ಎಂಬ ಅಂತಾರಾಷ್ಟ್ರೀಯ ಪ್ರಶಸ್ತಿಗೆ ಆಯ್ಕೆಯಾಗಿದ್ದೇನೆಂದು ಇ-ಮೇಲ್ ಬಂದಿದೆ. ನೋಂದಣಿ ಶುಲ್ಕವೆಂದು ₹9,000 ಕಟ್ಟಬೇಕಂತೆ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ನಮ್ಮಲ್ಲಿಗೆ ಬರಲಿರುವುದರಿಂದ ಕಟ್ಟಿಬಿಡಿ ಎಂದು ಸಹೋದ್ಯೋಗಿಗಳು ಹೇಳುತ್ತಿದ್ದಾರೆ. ನಿಜವಾದ ಪ್ರಶಸ್ತಿಗಳು ಯಾವುವು? ನಮ್ಮಂಥ ಊರಿನ ಕಾಲೇಜಿನವರಿಗೆ ಅವು ಅಥವಾ ಸಂಶೋಧನಾ ಅನುದಾನ ಸಿಗಲು ಸಾಧ್ಯವೇ? ನನ್ನ ಪತಿ ಹಸ್ತಪ್ರತಿಗಳ ಮೇಲೆ ಕೆಲಸ ಮಾಡುತ್ತಾರೆ. ಅವರಿಗೂ ಏನಾದರೂ ದಾರಿ ಇದೆಯೇ?

ಉತ್ತರ: ನಿಮ್ಮ ಮುಂದಿರುವ ನಿರ್ಧಾರದ ಬಗ್ಗೆ ಮೊದಲು ಹೇಳಿಬಿಡುತ್ತೇನೆ. ಆ ಹಣವನ್ನು ಕಟ್ಟಬೇಡಿ. ನಿಮಗೆ ಬಂದ ಪತ್ರವನ್ನು ಇನ್ನೊಮ್ಮೆ ನಿಧಾನವಾಗಿ ಓದಿ ನೋಡಿ. ನಿಮ್ಮ ಯಾವ ಪ್ರಬಂಧಕ್ಕೆ, ಯಾವ ಶೋಧನೆಗೆ ಈ ಪ್ರಶಸ್ತಿ ಎಂದು ಅದರಲ್ಲಿ ಒಂದು ಸಾಲಾದರೂ ಇದೆಯೇ? ನಿಮ್ಮ ಹೆಸರನ್ನು ಯಾರು ಸೂಚಿಸಿದರು, ಯಾರು ಪರಿಶೀಲಿಸಿದರು, ಆಯ್ಕೆ ಸಮಿತಿಯಲ್ಲಿ ಯಾವ ಮಣ್ಣು ವಿಜ್ಞಾನಿಗಳಿದ್ದಾರೆ ಎಂಬುದು ಗೊತ್ತಾಗುತ್ತದೆಯೇ? ಹಿಂದಿನ ವರ್ಷಗಳಲ್ಲಿ ಅದನ್ನು ಪಡೆದವರ ಪಟ್ಟಿಯಲ್ಲಿ ನಿಮ್ಮ ಕ್ಷೇತ್ರದಲ್ಲಿ ನೀವು ಓದಿ ಗೌರವಿಸಿದ ಒಂದು ಹೆಸರಾದರೂ ಸಿಗುತ್ತದೆಯೇ? ಈ ಯಾವುದಕ್ಕೂ ಉತ್ತರ ಇಲ್ಲದಿದ್ದರೆ ಅದು ನಿಮ್ಮ ಕೆಲಸವನ್ನು ಓದದೆಯೇ ಕಳುಹಿಸಿದ ಪತ್ರ. ವಿದ್ವತ್ ಸಂಘಗಳು ಸದಸ್ಯತ್ವಕ್ಕೆ ವಂತಿಗೆ ಪಡೆಯುವುದು, ಸಮ್ಮೇಳನಕ್ಕೆ ಹೋಗುವವರಿಂದ ನೋಂದಣಿ ಶುಲ್ಕ ಪಡೆಯುವುದು ಸಹಜವಾದ ಕ್ರಮ, ಅದರಲ್ಲಿ ತಪ್ಪಿಲ್ಲ. ಆದರೆ ಪುರಸ್ಕೃತರೇ ಪುರಸ್ಕಾರದ ಖರ್ಚು ಹೊರಬೇಕಾದ ಕಡೆ ಯೋಗ್ಯತೆಯ ಪರೀಕ್ಷೆ ನಡೆದಿರುವುದಿಲ್ಲ. ನ್ಯಾಕ್ ತಂಡದವರೂ ಪ್ರಶಸ್ತಿ ಕೊಟ್ಟವರು ಯಾರು ಎಂದೇ ಕೇಳುತ್ತಾರೆ. ಅದಕ್ಕಿಂತ ಹೆಚ್ಚಾಗಿ, ಇಂಥ ಒಂದು ಸಾಲು ನಿಮ್ಮ ಸ್ವವಿವರದಲ್ಲಿ ಸೇರಿಕೊಂಡರೆ ಮುಂದೆ ನಿಮ್ಮ ಅನುದಾನದ ಅರ್ಜಿಯನ್ನು ಓದುವ ಪರಿಶೀಲಕರು ಉಳಿದ ಸಾಲುಗಳನ್ನೂ ಸಂಶಯದಿಂದ ಓದುತ್ತಾರೆ. ಅನುದಾನದ ಅರ್ಜಿಗಳನ್ನು ಪರಿಶೀಲಿಸುವ ಸಮಿತಿಗಳಲ್ಲಿ ಕುಳಿತು ನಾನು ಇದನ್ನು ಹತ್ತಿರದಿಂದ ಕಂಡಿದ್ದೇನೆ, ಒಳ್ಳೆಯ ಕೆಲಸ ಮಾಡಿದವರಿಗೂ ಹೀಗಾದಾಗ ಸಂಕಟವಾಗಿದೆ.

ನಿಜವಾದ ಪ್ರಶಸ್ತಿಗಳ ನಡವಳಿಕೆ ಇದಕ್ಕೆ ತೀರ ವಿರುದ್ಧವಾಗಿರುತ್ತದೆ. ನೊಬೆಲ್ ಪ್ರಶಸ್ತಿಗೆ ತನ್ನ ಹೆಸರನ್ನು ತಾನೇ ಸೂಚಿಸಿಕೊಳ್ಳುವಂತಿಲ್ಲ; ಯಾರು ಯಾರನ್ನು ಸೂಚಿಸಿದರು ಎಂಬ ವಿವರವನ್ನು 50 ವರ್ಷಗಳ ಕಾಲ ಗುಟ್ಟಾಗಿಡಲಾಗುತ್ತದೆ. ನಮ್ಮ ದೇಶದಲ್ಲಿ ವಿಜ್ಞಾನಕ್ಕೆ ಬಹುಕಾಲ ಅತ್ಯಂತ ದೊಡ್ಡ ಮನ್ನಣೆಯೆನಿಸಿದ್ದು ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ, ಅಂದರೆ ಸಿಎಸ್‌ಐಆರ್, 1958ರಿಂದ ಕೊಡುತ್ತಾ ಬಂದ ಶಾಂತಿ ಸ್ವರೂಪ್ ಭಟ್ನಾಗರ್ ಪ್ರಶಸ್ತಿ. 45 ವರ್ಷದೊಳಗಿನ ವಿಜ್ಞಾನಿಗಳು ಮುಖ್ಯವಾಗಿ ಭಾರತದಲ್ಲಿಯೇ ಮಾಡಿದ ಕೆಲಸವನ್ನು ಪರಿಗಣಿಸಿ ಅದನ್ನು ಕೊಡುತ್ತಿದ್ದರು. 2022ರಲ್ಲಿ ಕೇಂದ್ರ ಸರ್ಕಾರವು ತನ್ನ ವಿಜ್ಞಾನ ಇಲಾಖೆಗಳು ಕೊಡುತ್ತಿದ್ದ ಅನೇಕ ಪ್ರಶಸ್ತಿಗಳನ್ನು ಕೈಬಿಟ್ಟು, ಬಳಿಕ ಅವುಗಳ ಜಾಗದಲ್ಲಿ ರಾಷ್ಟ್ರೀಯ ವಿಜ್ಞಾನ ಪುರಸ್ಕಾರವನ್ನು ಆರಂಭಿಸಿತು. ಜೀವಮಾನದ ಸಾಧನೆಗೆ ವಿಜ್ಞಾನ ರತ್ನ, ವಿಶಿಷ್ಟ ಕೊಡುಗೆಗೆ ವಿಜ್ಞಾನ ಶ್ರೀ, 45 ವರ್ಷದೊಳಗಿನವರಿಗೆ ಭಟ್ನಾಗರ್ ಹೆಸರನ್ನೇ ಉಳಿಸಿಕೊಂಡ ವಿಜ್ಞಾನ ಯುವ, ಒಟ್ಟಾಗಿ ದುಡಿದವರಿಗೆ ವಿಜ್ಞಾನ ತಂಡ ಎಂಬ ವಿಭಾಗಗಳು ಇದರಲ್ಲಿವೆ. 2024ರಲ್ಲಿ ಮೊದಲ ವಿಜ್ಞಾನ ರತ್ನವು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನ ವಿಜ್ಞಾನಿ ಜಿ. ಪದ್ಮನಾಭನ್ ಅವರಿಗೂ ತಂಡ ಪುರಸ್ಕಾರವು ಚಂದ್ರಯಾನ-3ರ ತಂಡಕ್ಕೂ ಸಂದವು. ತಂಡವನ್ನು ತಂಡವೆಂದೇ ಗೌರವಿಸುವ ವಿಭಾಗ ಬಂದದ್ದು ನನಗೆ ಬಹಳ ಸಂತೋಷ ಕೊಟ್ಟಿದೆ. ಇಂದಿನ ವಿಜ್ಞಾನದ ಬಹುಪಾಲು ಹಾಗೆಯೇ ನಡೆಯುತ್ತದೆ.

ಖಾಸಗಿ ದತ್ತಿಯಿಂದ ನಡೆಯುವವುಗಳಲ್ಲಿ 2009ರಲ್ಲಿ ಸ್ಥಾಪನೆಯಾದ ಇನ್ಫೋಸಿಸ್ ವಿಜ್ಞಾನ ಪ್ರತಿಷ್ಠಾನದ ಪ್ರಶಸ್ತಿ ದೊಡ್ಡದು. ಆರು ವಿಭಾಗಗಳಲ್ಲಿ ತಲಾ ಒಂದು ಲಕ್ಷ ಡಾಲರ್ ಮೊತ್ತವನ್ನು ಕೊಡುವ ಅದು ಮಾನವಿಕ ಮತ್ತು ಸಮಾಜ ವಿಜ್ಞಾನಗಳನ್ನೂ ಒಳಗೊಂಡಿದೆ. 2024ರಿಂದ ವಯೋಮಿತಿಯನ್ನು 50ರಿಂದ 40ಕ್ಕೆ ಇಳಿಸಿದ್ದಾರೆ. ರಾಜ್ಯ ಮಟ್ಟದಲ್ಲಿ ಸರ್ ಸಿ.ವಿ. ರಾಮನ್ ಹೆಸರಿನ ಯುವ ವಿಜ್ಞಾನಿ ಪ್ರಶಸ್ತಿ, ಸತೀಶ್ ಧವನ್ ಹೆಸರಿನ ಯುವ ಎಂಜಿನಿಯರ್ ಪ್ರಶಸ್ತಿಗಳಿವೆ. ಇವುಗಳನ್ನು ನೀವು ತಿಳಿದಿರಬೇಕು, ಆದರೆ ಸದ್ಯಕ್ಕೆ ಇವುಗಳ ಬೆನ್ನು ಹತ್ತಬೇಕಾಗಿಲ್ಲ. ಪ್ರಶಸ್ತಿ ಎನ್ನುವುದು ಮಾಡಿ ಮುಗಿಸಿದ ಕೆಲಸಕ್ಕೆ ಸಲ್ಲುವ ಗೌರವ. ಅನುದಾನವು ಇನ್ನೂ ಮಾಡಬೇಕಾದ ಕೆಲಸದ ಮೇಲೆ ಇಡುವ ವಿಶ್ವಾಸ. ನಿಮ್ಮ ಸ್ಥಿತಿಯಲ್ಲಿರುವವರಿಗೆ ಬೇಕಾಗಿರುವುದು ಎರಡನೆಯದು. ಪಿಎಚ್.ಡಿ. ಮುಗಿದ ಮೇಲೆ ಉಪಕರಣವಿಲ್ಲದೆ, ಓಡಾಟದ ಖರ್ಚಿಲ್ಲದೆ, ಒಬ್ಬ ಸಹಾಯಕರೂ ಇಲ್ಲದೆ ನಮ್ಮ ಜಿಲ್ಲೆಗಳ ಕಾಲೇಜುಗಳಲ್ಲಿ ಸಂಶೋಧನೆಯನ್ನು ಬಿಟ್ಟುಬಿಟ್ಟವರು ನಿಮಗೂ ಗೊತ್ತಿರುತ್ತಾರೆ. ಅಂಥ ಹೊತ್ತಿನಲ್ಲಿ ಬರುವ ಕೆಲವು ಲಕ್ಷ ರೂಪಾಯಿ, ಹತ್ತು ವರ್ಷದ ನಂತರ ಬರುವ ಪದಕಕ್ಕಿಂತ ಹೆಚ್ಚಿನ ಕೆಲಸ ಮಾಡುತ್ತದೆ.

ನಮ್ಮಂಥ ಊರಿನವರಿಗೆ ಸಾಧ್ಯವೇ ಎಂದು ಕೇಳಿದ್ದೀರಿ. ಬೆಳಗಾವಿ ಜಿಲ್ಲೆಯಲ್ಲಿಯೇ ನಡೆದ ಒಂದು ಅಧ್ಯಯನವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಹೆರಿಗೆಯ ನಂತರದ ಅತಿ ರಕ್ತಸ್ರಾವ ತಾಯಂದಿರ ಸಾವಿಗೆ ಮುಖ್ಯ ಕಾರಣ. ಅದನ್ನು ತಡೆಯುವ ಆಕ್ಸಿಟೋಸಿನ್ ಚುಚ್ಚುಮದ್ದನ್ನು ತಂಪಾದ ಜಾಗದಲ್ಲಿ ಕಾಪಾಡಬೇಕು, ಕೊಡಲು ತರಬೇತಾದ ಕೈ ಬೇಕು. ಹಳ್ಳಿಯ ಮನೆಯಲ್ಲಿ ಆಗುವ ಹೆರಿಗೆಗೆ ಎರಡೂ ದೊರೆಯುವುದು ಕಷ್ಟವಾಗಿತ್ತು. ತಂಪಿನ ಅಗತ್ಯವಿಲ್ಲದ ಮಿಸೊಪ್ರೊಸ್ಟಾಲ್ ಮಾತ್ರೆಯನ್ನು ಸಹಾಯಕ ದಾದಿಯರೇ ಕೊಟ್ಟರೆ ಪ್ರಯೋಜನವಾಗುತ್ತದೆಯೇ ಎಂಬುದು ಪ್ರಶ್ನೆ. ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನ ವೈದ್ಯರು ಅಮೆರಿಕದ ಸಂಶೋಧಕರೊಂದಿಗೆ ಸೇರಿ, ಪ್ರಾಥಮಿಕ ಆರೋಗ್ಯ ಕೇಂದ್ರಗಳ ವ್ಯಾಪ್ತಿಯ ಹಳ್ಳಿಗಳಲ್ಲಿ 1,620 ಮಹಿಳೆಯರ ಮೇಲೆ ಇದನ್ನು ಪರೀಕ್ಷಿಸಿದರು. ಅರ್ಧದಷ್ಟು ಮಂದಿಗೆ ಔಷಧ, ಉಳಿದವರಿಗೆ ನೋಡಲು ಹಾಗೆಯೇ ಇರುವ, ಔಷಧವಿಲ್ಲದ ಮಾತ್ರೆ. ಅತಿ ರಕ್ತಸ್ರಾವದ ಪ್ರಮಾಣ ಶೇ 12ರಿಂದ ಶೇ 6.4ಕ್ಕೆ ಇಳಿಯಿತು, ಅಂದರೆ 18 ತಾಯಂದಿರಿಗೆ ಮಾತ್ರೆ ಕೊಟ್ಟರೆ ಒಬ್ಬರಿಗೆ ರಕ್ತಸ್ರಾವ ತಪ್ಪುತ್ತಿತ್ತು. ಈ ಫಲಿತಾಂಶವು 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಈ ಉದ್ದೇಶಕ್ಕೆ ಮಿಸೊಪ್ರೊಸ್ಟಾಲನ್ನು ತನ್ನ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು.

ಈ ಕೆಲಸಕ್ಕೆ ಹಣ ಬಂದದ್ದು ಅಮೆರಿಕದ ರಾಷ್ಟ್ರೀಯ ಮಕ್ಕಳ ಆರೋಗ್ಯ ಸಂಸ್ಥೆಯ ಜಾಗತಿಕ ಸಂಶೋಧನಾ ಜಾಲದಿಂದ. ಅಷ್ಟು ದೂರದವರು ಬೆಳಗಾವಿಯ ಹಳ್ಳಿಗಳನ್ನು ಏಕೆ ಆರಿಸಿಕೊಂಡರು ಎಂದು ಯೋಚಿಸಿ. ಪ್ರಶ್ನೆ ಇಲ್ಲಿತ್ತು, ಅದಕ್ಕೆ ಉತ್ತರ ಹುಡುಕಬಲ್ಲ ದಾದಿಯರೂ ವೈದ್ಯರೂ ಇಲ್ಲಿದ್ದರು, ಮತ್ತು ಹಳ್ಳಿಯ ಮನೆಮನೆಯಿಂದ ಶಿಸ್ತಾಗಿ ಅಂಕಿಅಂಶ ಕಲೆಹಾಕುವ ಸಾಮರ್ಥ್ಯ ಇಲ್ಲಿತ್ತು. ನಿಮ್ಮ ಸವಳು ನೆಲದ ಪ್ರಶ್ನೆಯೂ ಇದೇ ಜಾತಿಯದು. ಅದನ್ನು ಬೆಂಗಳೂರಿನ ಪ್ರಯೋಗಾಲಯದಲ್ಲಿ ಕುಳಿತು ಕೇಳಲಾಗುವುದಿಲ್ಲ.

ಈಗ ಅನುದಾನದ ದಾರಿಗಳು. 2023ರ ಕಾಯ್ದೆಯಂತೆ ಸ್ಥಾಪನೆಯಾದ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನವು ಹಿಂದಿನ ವಿಜ್ಞಾನ ಮತ್ತು ಎಂಜಿನಿಯರಿಂಗ್ ಸಂಶೋಧನಾ ಮಂಡಳಿಯನ್ನು ತನ್ನೊಳಗೆ ಸೇರಿಸಿಕೊಂಡಿದೆ. ವೃತ್ತಿಯ ಆರಂಭದಲ್ಲಿರುವ ಅಧ್ಯಾಪಕರಿಗೆ ಪ್ರಧಾನಮಂತ್ರಿ ಆರಂಭಿಕ ವೃತ್ತಿ ಸಂಶೋಧನಾ ಅನುದಾನ, ಅನುಭವಿಗಳಿಗೆ ಉನ್ನತ ಸಂಶೋಧನಾ ಅನುದಾನ, ಪರಿಶಿಷ್ಟ ಜಾತಿ ಮತ್ತು ಪಂಗಡದ ಸಂಶೋಧಕರಿಗೆ ಪ್ರತ್ಯೇಕ ಯೋಜನೆ ಇವೆ. ಪೇರ್ ಎಂಬ ಇನ್ನೊಂದು ಯೋಜನೆಯಲ್ಲಿ ಮುಂಚೂಣಿಯ ಸಂಸ್ಥೆಯೊಂದು ಕೇಂದ್ರವಾಗಿದ್ದು, ರಾಜ್ಯ ವಿಶ್ವವಿದ್ಯಾಲಯಗಳಂಥವು ಅದರ ಜೊತೆಗೂಡಿ ಕೆಲಸ ಮಾಡುತ್ತವೆ. ವಯೋಮಿತಿ, ಮೊತ್ತ, ಕೊನೆಯ ದಿನಾಂಕಗಳನ್ನು ಆಯಾ ಪ್ರಕಟಣೆಯಲ್ಲಿಯೇ ಓದಿಕೊಳ್ಳಿ. ಬೇರೆಯವರು ಹೇಳಿದ್ದನ್ನು ನಂಬಿ ಕೂರಬೇಡಿ. ರಾಜ್ಯ ಸರ್ಕಾರದ ವಿಜ್ಞಾನ ಮತ್ತು ತಂತ್ರಜ್ಞಾನದ ವಿಷನ್ ಗ್ರೂಪ್ ಕಾಲೇಜುಗಳ ಪ್ರಯೋಗಾಲಯ ಸುಧಾರಣೆಗೂ ಯುವ ಸಂಶೋಧಕರ ಆರಂಭಿಕ ವೆಚ್ಚಕ್ಕೂ ನೆರವು ಕೊಡುತ್ತಾ ಬಂದಿದೆ. ನನ್ನ ಅಭಿಪ್ರಾಯದಲ್ಲಿ ನೀವು ಮೊದಲು ತಟ್ಟಬೇಕಾದ ಬಾಗಿಲು ಅದೇ, ಏಕೆಂದರೆ ಅಲ್ಲಿ ನಿಮ್ಮ ಅರ್ಜಿಯ ಜೊತೆ ಸ್ಪರ್ಧಿಸುವವು ಹೆಚ್ಚಾಗಿ ನಿಮ್ಮಂಥದೇ ಕಾಲೇಜುಗಳು.

ಹಣಕ್ಕಿಂತ ಮೊದಲು ಒಡನಾಟ ಬೇಕೆನಿಸಿದರೆ, ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯು ದೆಹಲಿ ಮತ್ತು ಪ್ರಯಾಗರಾಜ್‌ನ ಅಕಾಡೆಮಿಗಳೊಂದಿಗೆ ಸೇರಿ ನಡೆಸುವ ಬೇಸಿಗೆ ಸಂಶೋಧನಾ ಫೆಲೋಶಿಪ್ ಇದೆ. ಅದು ವಿದ್ಯಾರ್ಥಿಗಳಿಗೆ ಮಾತ್ರ ಎಂದು ಬಹಳ ಮಂದಿ ತಿಳಿದಿದ್ದಾರೆ, ಆದರೆ ಅಧ್ಯಾಪಕರಿಗೂ ಅವಕಾಶವಿದೆ. ದೊಡ್ಡ ಪ್ರಯೋಗಾಲಯವೊಂದರಲ್ಲಿ ಎರಡು ತಿಂಗಳು ಕೆಲಸ ಮಾಡಿದರೆ ಮುಂದೆ ನಿಮ್ಮ ಮಣ್ಣಿನ ಮಾದರಿಗಳನ್ನು ಕಳುಹಿಸಲು ಒಂದು ಪರಿಚಿತ ವಿಳಾಸವಾದರೂ ಸಿಗುತ್ತದೆ. ನಿಮ್ಮ ವಿದ್ಯಾರ್ಥಿಗಳ ಪೈಕಿ ಸ್ನಾತಕೋತ್ತರ ಪದವಿಯಲ್ಲಿ ವಿಶ್ವವಿದ್ಯಾಲಯಕ್ಕೆ ಮೊದಲ ಸ್ಥಾನ ಬಂದವರಿದ್ದರೆ ಪಿಎಚ್.ಡಿ. ಮಾಡಲು ಕೇಂದ್ರ ಸರ್ಕಾರ ಕೊಡುವ ಇನ್‌ಸ್ಪೈರ್ ಫೆಲೋಶಿಪ್ ಬಗ್ಗೆ ಅವರಿಗೆ ತಪ್ಪದೆ ತಿಳಿಸಿ. ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ಅಥವಾ ವಿಜಯಪುರದ ಮಹಿಳಾ ವಿಶ್ವವಿದ್ಯಾಲಯದ ಚಿನ್ನದ ಪದಕದ ಜೊತೆ ಆ ಅರ್ಹತೆಯೂ ಬರುತ್ತದೆ ಎಂಬುದು ಎಷ್ಟೋ ಮನೆಗಳಿಗೆ ತಿಳಿದಿರುವುದಿಲ್ಲ.

ಅರ್ಜಿ ಬರೆಯುವ ಬಗೆಯನ್ನು ನಿಮ್ಮ ವಿಷಯವನ್ನೇ ಇಟ್ಟುಕೊಂಡು ತೋರಿಸುತ್ತೇನೆ. ‘ಬಾಗಲಕೋಟೆ ಜಿಲ್ಲೆಯ ಸವಳು-ಜವಳು ಮಣ್ಣಿನ ಭೌತ-ರಾಸಾಯನಿಕ ಗುಣಗಳ ಅಧ್ಯಯನ’ ಎಂಬ ಶೀರ್ಷಿಕೆಯ ಅರ್ಜಿಗಳು ಪರಿಶೀಲಕರ ಮುಂದೆ ರಾಶಿ ಬೀಳುತ್ತವೆ. ಅದರಲ್ಲಿ ಪ್ರಶ್ನೆಯಿಲ್ಲ, ಅಳತೆ ಮಾತ್ರ ಇದೆ. ಬದಲಿಗೆ ಹೀಗೆ ಯೋಚಿಸಿ. ರೈತರು ಸವಳು ಎನ್ನುವ ನೆಲದಲ್ಲಿ ಎರಡು ಬೇರೆ ಬೇರೆ ದೋಷಗಳಿರಬಹುದು. ಮಣ್ಣಿನ ಸಾರದ ವಿದ್ಯುತ್ ವಾಹಕತೆ ಮೀಟರಿಗೆ 4 ಡೆಸಿಸೀಮೆನ್ಸ್ ದಾಟಿದ್ದರೆ ಅದು ಲವಣದ ದೋಷ. ವಿನಿಮಯವಾಗಬಲ್ಲ ಸೋಡಿಯಂ ಶೇ 15 ದಾಟಿದ್ದು ಪಿಎಚ್ 8.5ಕ್ಕಿಂತ ಮೇಲಿದ್ದರೆ ಅದು ಕ್ಷಾರದ ದೋಷ. ಮೊದಲನೆಯದಕ್ಕೆ ಬಸಿಗಾಲುವೆ ತೆಗೆದು ಒಳ್ಳೆಯ ನೀರಿನಿಂದ ಲವಣವನ್ನು ತೊಳೆದು ಹೊರಹಾಕಬೇಕು, ಎರಡನೆಯದಕ್ಕೆ ಅದರ ಜೊತೆ ಜಿಪ್ಸಂ ಕೂಡ ಬೇಕು. ನಮ್ಮ ಎರೆಮಣ್ಣಿನಲ್ಲಿ ನೀರು ಬೇಗ ಇಂಗುವುದಿಲ್ಲವಾದ್ದರಿಂದ ಯಾವ ಹೊಲದಲ್ಲಿ ಯಾವ ದೋಷವಿದೆ ಎಂದು ತಿಳಿಯದೆ ಖರ್ಚು ಮಾಡಿದ ರೈತನಿಗೆ ನಷ್ಟವಾಗುತ್ತದೆ. ಕಬ್ಬಿನ ಗದ್ದೆಗೆ ಕಾಲುವೆಯ ನೀರು ಹರಿಯುತ್ತಾ ಬಂದ ವರ್ಷಗಳಿಗೂ ಈ ಎರಡು ದೋಷಗಳ ಅನುಪಾತಕ್ಕೂ ಸಂಬಂಧವಿದೆಯೇ? ಕಾಲುವೆಯಿಂದ ದೂರ ಹೋದಂತೆ ಅದು ಹೇಗೆ ಬದಲಾಗುತ್ತದೆ? ಇವು ಮೂರು ವರ್ಷದಲ್ಲಿ ಉತ್ತರಿಸಬಹುದಾದ ಪ್ರಶ್ನೆಗಳು. ಉತ್ತರ ಏನೇ ಬಂದರೂ ಅದರಿಂದ ಯಾರಿಗೆ ಉಪಯೋಗ ಎಂಬುದೂ ಸ್ಪಷ್ಟವಾಗಿದೆ.

ಇದೇ ವಿಷಯದಲ್ಲಿ ಯಾರು ಏನು ಮಾಡಿದ್ದಾರೆ ಎಂಬ ಭಾಗವನ್ನು ಅರ್ಜಿಯಲ್ಲಿ ಮನಸ್ಸಿಟ್ಟು ಬರೆಯಿರಿ. ಕರ್ನಾಲ್‌ನ ಕೇಂದ್ರೀಯ ಮಣ್ಣಿನ ಲವಣಾಂಶ ಸಂಶೋಧನಾ ಸಂಸ್ಥೆ, ಗಂಗಾವತಿಯಲ್ಲಿರುವ ಅಖಿಲ ಭಾರತ ಸುಸಂಘಟಿತ ಯೋಜನೆಯ ಕೇಂದ್ರ, ಧಾರವಾಡ ಕೃಷಿ ವಿಶ್ವವಿದ್ಯಾಲಯ ಇವುಗಳ ಕೆಲಸವನ್ನು ಓದದೆ ಬರೆದ ಅರ್ಜಿಯನ್ನು ಬಲ್ಲ ಪರಿಶೀಲಕರು ಮೊದಲ ಪುಟದಲ್ಲಿಯೇ ಗುರುತಿಸುತ್ತಾರೆ. ಸಾಧ್ಯವಾದರೆ ಬಾಗಲಕೋಟೆಯ ತೋಟಗಾರಿಕಾ ವಿಶ್ವವಿದ್ಯಾಲಯದ ಅಥವಾ ವಿಜಯಪುರದ ಕೃಷಿ ಮಹಾವಿದ್ಯಾಲಯದ ಮಣ್ಣು ವಿಜ್ಞಾನಿಯೊಬ್ಬರನ್ನು ಸಹ-ಸಂಶೋಧಕರನ್ನಾಗಿ ಕೇಳಿಕೊಳ್ಳಿ. ಆಯವ್ಯಯದ ಪಟ್ಟಿಯಲ್ಲಿ ದುಬಾರಿ ಯಂತ್ರವನ್ನು ಬರೆಯುವ ಆಸೆ ಬೇಡ. ವಾಹಕತೆಯ ಮೀಟರು, ಪಿಎಚ್ ಮೀಟರು, ಸೋಡಿಯಂ-ಪೊಟ್ಯಾಸಿಯಂ ಅಳೆಯುವ ಫ್ಲೇಮ್ ಫೋಟೊಮೀಟರು, ಒಬ್ಬ ಯೋಜನಾ ಸಹಾಯಕ, ಹೊಲಗಳಿಗೆ ಓಡಾಡುವ ವೆಚ್ಚ ಇಷ್ಟಿದ್ದರೆ ಈ ಕೆಲಸ ನಡೆಯುತ್ತದೆ. ಪ್ರತಿ ಸಾಲಿನ ಎದುರು ಅದು ಏಕೆ ಬೇಕು ಎಂದು ಒಂದು ವಾಕ್ಯ ಬರೆಯಿರಿ. ಮೊದಲ ಸಲ ತಿರಸ್ಕೃತವಾದರೆ ಪರಿಶೀಲಕರ ಟಿಪ್ಪಣಿ ಸಿಕ್ಕಿದ್ದನ್ನು ಇಟ್ಟುಕೊಂಡು ತಿದ್ದಿ ಮತ್ತೆ ಕಳುಹಿಸಿ. ಮೊದಲ ಯತ್ನದಲ್ಲಿಯೇ ಅನುದಾನ ಪಡೆದವರು ವಿರಳ.

ನಿಮ್ಮ ಪತಿಯವರ ಕ್ಷೇತ್ರಕ್ಕೆ ಈ ಜಿಲ್ಲೆಗಳಷ್ಟು ದೊಡ್ಡ ಪರಂಪರೆ ಇನ್ನೆಲ್ಲಿದೆ ಎಂದು ನಾನು ಕೇಳಬಲ್ಲೆ. ವಿಜಯಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ಊರೂರು ತಿರುಗಿ ವಚನಗಳ ತಾಳೆಗರಿಗಳನ್ನು ಕೂಡಿಹಾಕಿ, ಅವುಗಳನ್ನು ಅಚ್ಚು ಮಾಡಲು ಮನೆಯನ್ನೇ ಮಾರಿ ಮುದ್ರಣಾಲಯ ಹಾಕಿದರು. ಆ ಕಾಲದಲ್ಲಿ ಅವರಿಗೆ ಅನುದಾನ ಕೊಡುವ ಮಂಡಳಿಯಿರಲಿಲ್ಲ. ಕರ್ನಾಟಕ ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟ್ ಬಂದಾಗ ಅವರಿಗೆ ಎಪ್ಪತ್ತೈದು ದಾಟಿತ್ತು. ವಿದ್ವಾಂಸರ ಮನೆಗಳು ಹಾಗೆ ಮಾರಾಟವಾಗಬಾರದು ಎಂಬುದಕ್ಕಾಗಿಯೇ ಇಂದು ಸಾರ್ವಜನಿಕ ಹಣದ ವ್ಯವಸ್ಥೆ ಇರುವುದು, ಹಾಗಾಗಿ ಅದನ್ನು ಕೇಳಲು ಸಂಕೋಚ ಬೇಡ. ಸಿಂದಗಿ ತಾಲ್ಲೂಕಿನಿಂದ ಬಂದ ಎಂ.ಎಂ. ಕಲಬುರ್ಗಿಯವರಿಗೆ 2006ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಕಾವ್ಯಕ್ಕೋ ಕಾದಂಬರಿಗೋ ಅಲ್ಲ, ಸಂಶೋಧನ ಲೇಖನಗಳ ಸಂಪುಟಕ್ಕೆ. ಶಾಸನ, ಹಸ್ತಪ್ರತಿ, ಸ್ಥಳನಾಮಗಳ ಮೇಲಿನ ಕನ್ನಡ ಬರಹಕ್ಕೂ ದೇಶಮಟ್ಟದ ಮನ್ನಣೆ ಸಲ್ಲುತ್ತದೆ ಎಂಬುದಕ್ಕೆ ಇದು ಸಾಕು. ಪ್ರಾಚೀನ ಮತ್ತು ಮಧ್ಯಕಾಲೀನ ಸಾಹಿತ್ಯದ ವಿದ್ವತ್ತಿಗೆಂದೇ ಅಕಾಡೆಮಿಯ ಭಾಷಾ ಸಮ್ಮಾನವೂ ಇದೆ.

ಅವರಿಗೆ ಈಗ ಉಪಯೋಗವಾಗಬಲ್ಲ ನೆರವೆಂದರೆ ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಮಂಡಳಿ ಮತ್ತು ಭಾರತೀಯ ಇತಿಹಾಸ ಸಂಶೋಧನಾ ಪರಿಷತ್ತುಗಳ ಯೋಜನೆಗಳು ಹಾಗೂ ಫೆಲೋಶಿಪ್‌ಗಳು. ಕಲೆಗಳ ಕುರಿತ ಸಂಶೋಧನೆಯಾದರೆ ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಕನ್ನಡದಲ್ಲಿ ಬರೆದ ಪ್ರಸ್ತಾವವನ್ನೂ ಸ್ವೀಕರಿಸುತ್ತದೆ. ನ್ಯೂ ಇಂಡಿಯಾ ಫೌಂಡೇಶನ್ ಕನ್ನಡವೂ ಸೇರಿದಂತೆ ಹತ್ತು ಭಾಷೆಗಳ ವೈಚಾರಿಕ ಕೃತಿಗಳ ಇಂಗ್ಲಿಷ್ ಅನುವಾದಕ್ಕೆ ಫೆಲೋಶಿಪ್ ಕೊಡುತ್ತದೆ.

ನಾಮನಿರ್ದೇಶನದ ಬಗ್ಗೆ ಒಂದು ಮಾತನ್ನು ನಿಮಗಲ್ಲ, ನಿಮ್ಮ ಆಡಳಿತ ಮಂಡಳಿಗೆ ಹೇಳಬೇಕಾಗಿದೆ. ಹೆಚ್ಚಿನ ದೊಡ್ಡ ಪ್ರಶಸ್ತಿಗಳಿಗೆ ಇನ್ನೊಬ್ಬರು ಹೆಸರು ಸೂಚಿಸಬೇಕು. ರಾಷ್ಟ್ರೀಯ ವಿಜ್ಞಾನ ಪುರಸ್ಕಾರದ ನಾಮನಿರ್ದೇಶನವು ಕೇಂದ್ರದ ರಾಷ್ಟ್ರೀಯ ಪುರಸ್ಕಾರ ಜಾಲತಾಣದ ಮೂಲಕ ನಡೆಯುತ್ತದೆ. ದೊಡ್ಡ ಸಂಸ್ಥೆಗಳಲ್ಲಿ ಈ ಕೆಲಸಕ್ಕೆಂದೇ ಜನರಿರುತ್ತಾರೆ, ಯಾರ ಕೆಲಸ ಹಣ್ಣಾಗಿದೆ ಎಂದು ವರ್ಷವರ್ಷವೂ ನೋಡುತ್ತಾರೆ. ನಮ್ಮ ಕಡೆ ಸುತ್ತೋಲೆ ಬಂದು ಫೈಲು ಸೇರಿದ ಮೇಲೆ ಅದರ ಗಡುವು ಮುಗಿದಿರುತ್ತದೆ. ಉತ್ತರ ಕರ್ನಾಟಕದ ಹೆಸರುಗಳು ಪಟ್ಟಿಯಲ್ಲಿ ಕಡಿಮೆಯಾಗಿರುವುದಕ್ಕೆ ಪ್ರತಿಭೆಯ ಕೊರತೆ ಕಾರಣವೆಂದು ನಾನು ಒಪ್ಪುವುದಿಲ್ಲ, ಹೆಸರು ಕಳುಹಿಸದಿರುವುದೂ ಕಾರಣ. ಪ್ರತಿ ಕಾಲೇಜಿನಲ್ಲಿ ಒಬ್ಬ ಅಧ್ಯಾಪಕರಿಗೆ ಈ ಜವಾಬ್ದಾರಿಯನ್ನು ಲಿಖಿತವಾಗಿ ಕೊಡಬೇಕು, ಅದಕ್ಕೆ ಪಾಠದ ಹೊರೆಯಲ್ಲಿ ರಿಯಾಯಿತಿಯನ್ನೂ ಕೊಡಬೇಕು.

ಕೊನೆಯದಾಗಿ, ಪ್ರಾಂಶುಪಾಲರ ಸಹಿ ಪಡೆಯಲು ಹೋಗುವಾಗ ಎರಡು ವಿಷಯಗಳನ್ನು ಅವರಿಗೆ ತಿಳಿಸಿ. ಸರ್ಕಾರಿ ಅನುದಾನಗಳಲ್ಲಿ ಸಾಮಾನ್ಯವಾಗಿ ಸಂಸ್ಥೆಯ ಮೇಲ್ವೆಚ್ಚಕ್ಕೆಂದು ಒಂದು ಪಾಲು ಬರುತ್ತದೆ, ಅದು ಕಾಲೇಜಿಗೇ ಸೇರುತ್ತದೆ. ಕೊಂಡ ಉಪಕರಣಗಳೂ ಕಾಲೇಜಿನಲ್ಲಿಯೇ ಉಳಿಯುತ್ತವೆ. ಇನ್ನೊಂದು, ಲೆಕ್ಕದ ಶಿಸ್ತು. ಮುಂದಿನ ಕಂತು ಬಿಡುಗಡೆಯಾಗಲು ಹಣಬಳಕೆ ಪ್ರಮಾಣಪತ್ರ ಮತ್ತು ವೆಚ್ಚದ ವಿವರಪಟ್ಟಿಯನ್ನು ಕಾಲಕಾಲಕ್ಕೆ ಸಲ್ಲಿಸಬೇಕು. ಒಳ್ಳೆಯ ಯೋಜನೆಗಳು ನಡುವೆಯೇ ನಿಂತುಹೋಗುವುದು ಹಲವು ಸಲ ಪ್ರಯೋಗ ಸೋತಿದ್ದರಿಂದಲ್ಲ, ಈ ಕಾಗದ ತಡವಾದದ್ದರಿಂದ. ಆದ್ದರಿಂದ ಅನುದಾನ ಮಂಜೂರಾದ ವಾರದಲ್ಲಿಯೇ ಕಚೇರಿಯ ಲೆಕ್ಕಪತ್ರ ನೋಡುವವರೊಂದಿಗೆ ಕುಳಿತು, ಯೋಜನೆಗೆ ಪ್ರತ್ಯೇಕ ಲೆಕ್ಕ ಇಡುವುದು ಹೇಗೆ, ರಸೀದಿಗಳು ಯಾರ ಬಳಿ ಇರಬೇಕು, ಖರೀದಿಗೆ ದರಪಟ್ಟಿ ತರಿಸುವವರು ಯಾರು ಎಂಬುದನ್ನು ನಿಶ್ಚಯಿಸಿಕೊಳ್ಳಿ.